2007ರ ಐಫೋನ್ ಮತ್ತು ಅದರ ಪ್ರತಿಸ್ಪರ್ಧಿಗಳು: ಸೌಲಭ್ಯ ಹಾಗೂ ಮೈಕಟ್ಟಿನ ಒಂದು ತುಲನೆ

ಆಪಲ್ ಸಂಸ್ಥೆಯ ಪ್ರಥಮ ಐಫೋನ್ 2007ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲೋಕಕ್ಕೆ ಪರಿಚಿತವಾಗಿ, ಅದೇ ವರ್ಷದ ಜೂನ್ 29ರಂದು ಅಮೆರಿಕದ ಅಂಗಡಿಗಳಿಗೆ ಬಂದಿತು. ಆ ಹೊತ್ತಿನಲ್ಲಿ ಮಾರುಕಟ್ಟೆಯ ಅತ್ಯಂತ ಸಮರ್ಥ ಸಂಚಾರಿ ದೂರವಾಣಿ ಯಾವುದೆಂಬ ಪ್ರಶ್ನೆ ಎದ್ದರೆ ಮೊದಲು ಕೇಳಿಬರುತ್ತಿದ್ದ ಹೆಸರು ನೋಕಿಯಾ ಎನ್‌95. ಈ ಎರಡರ ಸುತ್ತ ಬ್ಲ್ಯಾಕ್‌ಬೆರಿ ಕರ್ವ್, ಎಚ್‌ಟಿಸಿ ಟಚ್, ಎಲ್‌ಜಿ ಪ್ರಾಡಾ ಮುಂತಾದವು ಇದ್ದವು. ಸೌಲಭ್ಯಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಅಂಕ ಹಾಕುತ್ತ ಹೋಗಿದ್ದರೆ ಎನ್‌95 ಬಹುತೇಕ ಎಲ್ಲ ಸಾಲುಗಳಲ್ಲೂ ಗೆಲ್ಲುತ್ತಿತ್ತು. ಆದರೂ ಇಂದು ನಮ್ಮೆಲ್ಲರ ಕೈಯಲ್ಲಿರುವ ಉಪಕರಣ, ಅದು ಯಾವ ಸಂಸ್ಥೆಯದೇ ಆಗಿರಲಿ, ಎನ್‌95ರ ಸಂತತಿಯಲ್ಲ. ಪಟ್ಟಿಯಲ್ಲಿ ಸೋತ ಐಫೋನಿನ ಸಂತತಿ.

ಹೊಸ ಫೋನನ್ನು ಕೊಳ್ಳುವ ಮುನ್ನ ಎರಡು ಮೂರು ಮಾದರಿಗಳ ಪಟ್ಟಿಯನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಈಗ ಮನೆಮನೆಯಲ್ಲೂ ಇದೆ. ಅಂಥ ಪಟ್ಟಿ ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು ಅರಿಯಲು ಈ ಹಳೆಯ ಸ್ಪರ್ಧೆಗಿಂತ ಉತ್ತಮವಾದ ನಿದರ್ಶನ ನಮಗೆ ತೋರದು. ಆದುದರಿಂದಲೇ ಅದನ್ನು ಇಲ್ಲಿ ಕೊಂಚ ವಿವರವಾಗಿ ನೋಡುತ್ತೇವೆ.

ಎನ್‌95 ಏನೇನನ್ನು ಹೊತ್ತು ಬಂದಿತ್ತು

ಫಿನ್ಲೆಂಡಿನ ನೋಕಿಯಾ ಸಂಸ್ಥೆ ಎನ್‌95ನ್ನು 2006ರ ಸೆಪ್ಟೆಂಬರಿನಲ್ಲಿ ಘೋಷಿಸಿ, 2007ರ ಮಾರ್ಚ್ ವೇಳೆಗೆ ಮಾರಾಟಕ್ಕೆ ಬಿಟ್ಟಿತು. ಎರಡು ದಿಕ್ಕಿಗೆ ಜಾರುವ ಮೈ ಅದರ ಹೆಗ್ಗುರುತು. ಪರದೆಯ ಭಾಗವನ್ನು ಮೇಲಕ್ಕೆ ಜಾರಿಸಿದರೆ ಅಂಕಿಗಳ ಗುಂಡಿಗಳು. ಕೆಳಕ್ಕೆ ಜಾರಿಸಿದರೆ ಹಾಡು ಮತ್ತು ಚಲಚಿತ್ರಗಳನ್ನು ನಡೆಸುವ ಗುಂಡಿಗಳು. 5 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ, ಅದಕ್ಕೆ ಕಾರ್ಲ್ ಜೈಸ್ ಟೆಸ್ಸಾರ್ ಮಸೂರ, ತಾನೇ ನಾಭಿ ಹೊಂದಿಸಿಕೊಳ್ಳುವ ವ್ಯವಸ್ಥೆ, ಫ್ಲ್ಯಾಶ್ ದೀಪ. ಸೆಕೆಂಡಿಗೆ 30 ಚೌಕಟ್ಟುಗಳಂತೆ ವಿಡಿಯೋ. ಉಪಗ್ರಹಗಳ ನೆರವಿನಿಂದ ನೆಲೆ ತೋರುವ ಜಿಪಿಎಸ್. ವೈ-ಫೈ, ಬ್ಲೂಟೂತ್, ಮೂರನೆಯ ತಲೆಮಾರಿನ ವೇಗದ ಜಾಲಸಂಪರ್ಕ. ನೆನಪಿನ ಕಾರ್ಡು ಹಾಕುವ ಗೂಡು. ಎರಡು ಪಕ್ಕದಲ್ಲಿ ಎರಡು ಧ್ವನಿವರ್ಧಕಗಳು. ತಂತಿಯೊಂದನ್ನು ಸಿಕ್ಕಿಸಿ ಚಿತ್ರಗಳನ್ನು ಮನೆಯ ಟೆಲಿವಿಷನ್ನಿನಲ್ಲಿ ನೋಡುವ ಅನುಕೂಲ. ಇಷ್ಟನ್ನೂ ಒಂದೇ ಜೇಬಿನಲ್ಲಿ ಹಾಕಿಕೊಂಡು ಹೋಗಬಹುದೆಂಬುದು ಆ ವರ್ಷದ ಮಟ್ಟಿಗೆ ಸಣ್ಣ ಸಂಗತಿಯಾಗಿರಲಿಲ್ಲ.

ಇದರೆದುರು ಐಫೋನನ್ನು ನಿಲ್ಲಿಸಿದರೆ ಕೊರತೆಗಳ ಮೆರವಣಿಗೆಯೇ ಹೊರಡುತ್ತದೆ. 2 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ; ಅದಕ್ಕೆ ನಾಭಿ ಹೊಂದಾಣಿಕೆಯಿಲ್ಲ, ದೀಪವಿಲ್ಲ, ವಿಡಿಯೋ ಇಲ್ಲ. ಜಿಪಿಎಸ್ ಇಲ್ಲ. ಮೂರನೆಯ ತಲೆಮಾರಿನ ಸಂಪರ್ಕವಿಲ್ಲ, ಕೇವಲ ಎಡ್ಜ್. ನೆನಪಿನ ಕಾರ್ಡಿಗೆ ಗೂಡಿಲ್ಲ. 4 ಅಥವಾ 8 ಜಿಬಿ ಎಂದು ಮೊದಲೇ ನಿರ್ಧರಿಸಿ ಕೊಳ್ಳಬೇಕು. ಚಿತ್ರಸಂದೇಶವನ್ನು ಕಳಿಸಲಾಗದು. ಬರೆದ ಮಾತನ್ನು ಒಂದೆಡೆಯಿಂದ ನಕಲು ಮಾಡಿ ಇನ್ನೊಂದೆಡೆ ಅಂಟಿಸುವ, ಗಣಕಯಂತ್ರವನ್ನು ಬಲ್ಲ ಮಗುವಿಗೂ ಗೊತ್ತಿರುವ ಕೆಲಸವೂ ಅದರಲ್ಲಿ ಸಾಧ್ಯವಿರಲಿಲ್ಲ. ಆ ಸೌಲಭ್ಯ ಬಂದದ್ದು 2009ರ ಜೂನಿನಲ್ಲಿ. ಬೇರೆಯವರು ರಚಿಸಿದ ತಂತ್ರಾಂಶವನ್ನು ಅಳವಡಿಸಿಕೊಳ್ಳಲು 2008ರ ಜುಲೈವರೆಗೆ, ಅಂದರೆ ಆಪ್ ಸ್ಟೋರ್ ತೆರೆಯುವವರೆಗೆ ಕಾಯಬೇಕಾಯಿತು. ಎನ್‌95ರ ಸಿಂಬಿಯನ್ ವ್ಯವಸ್ಥೆಯಲ್ಲಿ ಅದು ಮೊದಲಿನಿಂದಲೂ ಇದ್ದ ಅನುಕೂಲ.

ಕ್ಯಾಮೆರಾದ ಮಾತಿಗೆ ಬಂದರೆ, ಮೆಗಾಪಿಕ್ಸೆಲ್ ಎಂಬ ಅಂಕಿ ಮಾರಾಟಗಾರರ ಬಾಯಲ್ಲಿ ಎಷ್ಟೇ ಸವೆದುಹೋಗಿದ್ದರೂ ಇಲ್ಲಿ ಅದಕ್ಕೆ ನೇರವಾದ ಅರ್ಥವಿತ್ತು. ಎನ್‌95ರ ಚಿತ್ರ 2592ಕ್ಕೆ 1944 ಬಿಂದುಗಳದ್ದು. ಐಫೋನಿನದು 1600ಕ್ಕೆ 1200. ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ 300 ಬಿಂದುಗಳು ಬೇಕೆಂದಿಟ್ಟುಕೊಂಡರೆ ಮೊದಲನೆಯದರಿಂದ ಸುಮಾರು ಎಂಟೂವರೆ ಅಂಗುಲ ಅಗಲದ ಚಿತ್ರ ದೊರೆಯುತ್ತದೆ. ಎರಡನೆಯದರಿಂದ ಐದೂಕಾಲು ಅಂಗುಲಕ್ಕಿಂತ ತುಸು ಹೆಚ್ಚು. ಗೋಡೆಗೆ ತೂಗುಹಾಕುವ ಚಿತ್ರಕ್ಕೂ ಆಲ್ಬಮ್ಮಿನಲ್ಲಿ ಅಂಟಿಸುವ ಚಿತ್ರಕ್ಕೂ ಇರುವ ಅಂತರವಿದು. ಮಗನ ಉಪನಯನವನ್ನೋ ಮಗಳ ಮದುವೆಯನ್ನೋ ಸಂಜೆಯ ಮಂದ ಬೆಳಕಿನ ಛತ್ರದಲ್ಲಿ ಸೆರೆಹಿಡಿಯಬೇಕಾಗಿದ್ದ ಗೃಹಸ್ಥನಿಗೆ ದೀಪವಿಲ್ಲದ, ನಾಭಿ ಹೊಂದದ ಕ್ಯಾಮೆರಾ ಇದ್ದೂ ಇಲ್ಲದಂತೆಯೇ.

ಊರು ಕೇಳುವ ಪ್ರಶ್ನೆ

ಇಷ್ಟಾದ ಮೇಲೆ ಪಟ್ಟಿಯ ಒಂದು ಸಾಲನ್ನು ಹಿಡಿದು ನಿಲ್ಲೋಣ: ಮೂರನೆಯ ತಲೆಮಾರಿನ ಸಂಪರ್ಕ, ಅಂದರೆ 3ಜಿ. ಎನ್‌95ರಲ್ಲಿ ಅದಿತ್ತು, ಐಫೋನಿನಲ್ಲಿ ಇರಲಿಲ್ಲ. ಅಂದಿನ ವಿಮರ್ಶಕರೆಲ್ಲ ಐಫೋನನ್ನು ಇದಕ್ಕಾಗಿ ಚುಚ್ಚಿದರು. 3ಜಿ ಚಿಪ್ಪುಗಳು ಬ್ಯಾಟರಿಯನ್ನು ಬಹುಬೇಗ ಬರಿದುಮಾಡುತ್ತವೆ ಎಂಬುದು ಸ್ಟೀವ್ ಜಾಬ್ಸ್ ಅವರ ಸಮಜಾಯಿಷಿಯಾಗಿತ್ತು. ಎನ್‌95ನ್ನು ಬಳಸಿದವರಿಗೆ ಅದು ಪೂರ್ತಿ ನೆಪವೆಂದು ತೋರಿರಲಾರದು.

ಆದರೆ ಸೌಲಭ್ಯ ಉಪಕರಣದಲ್ಲಿ ಇರುವುದು ಒಂದು, ಅದು ನಮ್ಮ ಊರಿನಲ್ಲಿ ನಡೆಯುವುದು ಇನ್ನೊಂದು. ಎನ್‌95ರ ಮೊದಲ ಮಾದರಿಯ 3ಜಿ 2100 ಮೆಗಾಹರ್ಟ್ಸ್ ತರಂಗಗಳಿಗೆ ಮಾತ್ರ ಸ್ಪಂದಿಸುತ್ತಿತ್ತು. ಯೂರೋಪಿಗೆ ಅದು ಸರಿ. ಅಮೆರಿಕದಲ್ಲಿ ಎಟಿ ಅಂಡ್ ಟಿ ಸಂಸ್ಥೆಯ 3ಜಿ ಇದ್ದದ್ದು 850 ಮತ್ತು 1900 ಮೆಗಾಹರ್ಟ್ಸ್‌ಗಳಲ್ಲಿ. ಆದುದರಿಂದ ಅಲ್ಲಿ ಎನ್‌95 ಕೂಡ ಐಫೋನಿನಂತೆಯೇ ಎಡ್ಜ್ ವೇಗಕ್ಕೆ ಇಳಿಯುತ್ತಿತ್ತು. ಅಮೆರಿಕಕ್ಕೆಂದೇ ಮಾಡಿದ ಮಾದರಿ ಬಂದದ್ದು 2007ರ ಉತ್ತರಾರ್ಧದಲ್ಲಿ. ಇನ್ನು ಭಾರತದಲ್ಲಿ? ಇಲ್ಲಿ ಎಂಟಿಎನ್‌ಎಲ್ ದೆಹಲಿಯಲ್ಲಿ 3ಜಿ ಸೇವೆಯನ್ನು ಉದ್ಘಾಟಿಸಿದ್ದು 2008ರ ಡಿಸೆಂಬರಿನಲ್ಲಿ. ಖಾಸಗಿ ಸಂಸ್ಥೆಗಳಿಗಾಗಿ ತರಂಗಗಳ ಹರಾಜು ನಡೆದದ್ದು 2010ರಲ್ಲಿ. ಅವರ ಸೇವೆ ಆರಂಭವಾದದ್ದು ಆ ವರ್ಷದ ಕೊನೆಗೆ. ಅಂದರೆ 2007ರಲ್ಲಿ ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಎನ್‌95ನ್ನು ಕೊಂಡವನು 3ಜಿಗೆ ಹಣ ತೆತ್ತು ಮೂರು ವರ್ಷ ಅದನ್ನು ಬರಿದೇ ಹೊತ್ತು ತಿರುಗಿದನು. ಪಟ್ಟಿಯಲ್ಲಿ ಗೆದ್ದ ಸಾಲು ರಸ್ತೆಯಲ್ಲಿ ಲೆಕ್ಕಕ್ಕೇ ಬರಲಿಲ್ಲ. 5ಜಿ ಎಂದು ಮೈಮೇಲೆ ಬರೆಸಿಕೊಂಡ ಫೋನುಗಳನ್ನು ಆ ಸೇವೆ ಇಲ್ಲಿ ಮೊದಲಾಗುವುದಕ್ಕೆ, ಅಂದರೆ 2022ರ ಅಕ್ಟೋಬರಿಗೆ, ಎಷ್ಟೋ ಮುಂಚೆಯೇ ಕೊಂಡವರಿಗೆ ಇದು ಹೊಸ ಕಥೆಯಲ್ಲ.

ಪರದೆ ಮತ್ತು ಬೆರಳು

ಐಫೋನ್ ಗೆದ್ದ ಸಾಲುಗಳು ಕೆಲವೇ. ಅವುಗಳಲ್ಲಿ ಮುಖ್ಯವಾದದ್ದು ಪರದೆ. ಎನ್‌95ರದು 2.6 ಅಂಗುಲ, 240ಕ್ಕೆ 320 ಬಿಂದುಗಳು, ಐಫೋನಿನದು 3.5 ಅಂಗುಲ, 320ಕ್ಕೆ 480. ಒಟ್ಟು ಬಿಂದುಗಳನ್ನು ಎಣಿಸಿದರೆ ಸರಿಯಾಗಿ ಎರಡರಷ್ಟು. ಆದರೆ ಅಂಗುಲಕ್ಕೆ ಇಷ್ಟು ಬಿಂದು ಎಂಬ ಸಾಂದ್ರತೆಯಲ್ಲಿ ಎರಡೂ ಹೆಚ್ಚುಕಡಿಮೆ ಸಮಾನ. ಒಂದು ಸುಮಾರು 154, ಇನ್ನೊಂದು 163. ಹಾಗಾದರೆ ಐಫೋನಿನ ಪರದೆಯನ್ನು ಕಂಡವರು ಬೆರಗಾದದ್ದೇಕೆ?

ಒಂದು ಕಾರಣ ವಿಸ್ತಾರ. ಮುಖದ ತುಂಬ ಪರದೆ; ಕೆಳಗೆ ಒಂದೇ ಒಂದು ಗುಂಡಿ. ಇನ್ನೊಂದು, ಹೆಚ್ಚು ಆಳವಾದ ಕಾರಣ, ಅದು ಸ್ಪರ್ಶವನ್ನು ಗ್ರಹಿಸುತ್ತಿದ್ದ ರೀತಿ. ಎನ್‌95ರಲ್ಲಿ ಸ್ಪರ್ಶಪರದೆಯೇ ಇರಲಿಲ್ಲ. ಅಂದಿನ ಹೆಚ್ಚಿನ ಸ್ಪರ್ಶಪರದೆಗಳು ‘ರೆಸಿಸ್ಟಿವ್’ ಬಗೆಯವು. ಅವುಗಳಲ್ಲಿ ನಡುವೆ ಕಿರಿದಾದ ಎಡೆಯುಳ್ಳ ಎರಡು ಪದರಗಳಿರುತ್ತವೆ. ಮೇಲಿನ ಮೆತ್ತನೆಯ ಪ್ಲಾಸ್ಟಿಕ್ ಪದರವನ್ನು ಒತ್ತಿದಾಗ ಅದು ಬಾಗಿ ಕೆಳಗಿನದನ್ನು ಮುಟ್ಟುತ್ತದೆ. ಮುಟ್ಟಿದ ಜಾಗವನ್ನು ಯಂತ್ರ ಲೆಕ್ಕಹಾಕುತ್ತದೆ. ಉಗುರು ಅಥವಾ ಕಡ್ಡಿ ಬೇಕು, ಒತ್ತಬೇಕು, ಮೇಲ್ಪದರ ಗೀರುಬೀಳುತ್ತದೆ, ಎರಡು ಪದರಗಳ ನಡುವೆ ಹಾದು ಬರುವ ಬೆಳಕು ಮಂಕಾಗುತ್ತದೆ. ಐಫೋನಿನದು ‘ಕೆಪಾಸಿಟಿವ್’ ಬಗೆ. ಗಾಜಿನ ಹಿಂದೆ ಸೂಕ್ಷ್ಮವಾದ ವಿದ್ಯುತ್ ಕ್ಷೇತ್ರ. ಮನುಷ್ಯನ ಬೆರಳು ವಿದ್ಯುದ್ವಾಹಕವಾದುದರಿಂದ ಅದು ಹತ್ತಿರ ಬಂದೊಡನೆ ಕ್ಷೇತ್ರ ವ್ಯತ್ಯಾಸಗೊಳ್ಳುತ್ತದೆ. ಒತ್ತಬೇಕಿಲ್ಲ, ಸೋಕಿದರೆ ಸಾಕು. ಒಂದೇ ಸಲಕ್ಕೆ ಎರಡು ಬೆರಳುಗಳನ್ನು ಗುರುತಿಸಬಲ್ಲದಾದ್ದರಿಂದ ಚಿತ್ರವನ್ನು ಬೆರಳುಗಳಿಂದಲೇ ಹಿಗ್ಗಿಸಿ ಕುಗ್ಗಿಸಬಹುದಾಯಿತು. ದೆಹಲಿಯ ಜನವರಿಯಲ್ಲಿ ಉಣ್ಣೆಯ ಕೈಗವಸು ತೊಟ್ಟವರಿಗೆ ಮಾತ್ರ ಇದು ಮೊಂಡುಹಿಡಿದ ಯಂತ್ರ.

ಈ ವಿದ್ಯೆ ಆಪಲ್ಲಿನ ಸೊತ್ತೇನೂ ಆಗಿರಲಿಲ್ಲ. ಕೊರಿಯಾದ ಎಲ್‌ಜಿ ಸಂಸ್ಥೆಯ ಪ್ರಾಡಾ ಫೋನು ಕೆಪಾಸಿಟಿವ್ ಪರದೆಯೊಡನೆ ಐಫೋನಿಗಿಂತ ಮೊದಲೇ ಅಂಗಡಿಗೆ ಬಂದಿತ್ತು. 85 ಗ್ರಾಂ ತೂಕದ, ಕಪ್ಪಗೆ ಹೊಳೆಯುವ ಅಂದವಾದ ವಸ್ತು ಅದು. ಆದರೆ ಬೆರಳಿನ ಕೆಳಗಿನ ತಂತ್ರಾಂಶ ಹಳೆಯ ಗುಂಡಿ ಫೋನಿನ ಆಲೋಚನೆಯಿಂದ ಬಿಡಿಸಿಕೊಂಡಿರಲಿಲ್ಲ. ತೈವಾನಿನ ಎಚ್‌ಟಿಸಿ ಟಚ್ ಇದಕ್ಕೆ ತಿರುಗುಮುರುಗು: ಬೆರಳಿನಿಂದ ತಿರುಗಿಸುವ ಚೆಂದದ ಮುಖಪುಟವೊಂದನ್ನು ಹೊದಿಸಿದ್ದರೂ ಕೆಳಗೆ ರೆಸಿಸ್ಟಿವ್ ಪರದೆ, ಅದರ ಕೆಳಗೆ ವಿಂಡೋಸ್ ಮೊಬೈಲ್. ಎರಡು ಹೆಜ್ಜೆ ಒಳಗೆ ಹೋದರೆ ಮತ್ತೆ ಕಡ್ಡಿಯನ್ನು ಹುಡುಕಬೇಕು.

ಕುತೂಹಲದ ಸಂಗತಿಯೊಂದನ್ನು ಇಲ್ಲಿ ಹೇಳದೆ ಮುಂದುವರಿಯಲಾಗದು. ಐಫೋನಿನ ಸಫಾರಿ ಜಾಲವೀಕ್ಷಕವನ್ನು ಅಂದು ಎಲ್ಲರೂ ಹೊಗಳಿದರು; ಗಣಕದಲ್ಲಿ ಕಾಣುವಂತೆಯೇ ಪುಟಗಳು ಕಾಣುತ್ತವೆಂದರು. ಎನ್‌95ರ ವೀಕ್ಷಕವೂ ಅದೇ ವೆಬ್‌ಕಿಟ್ ಎಂಬ ತಂತ್ರಾಂಶದ ತಳಹದಿಯ ಮೇಲೆಯೇ ನಿಂತಿತ್ತು! ಎಂಜಿನ್ ಒಂದೇ, ಒಂದರಲ್ಲಿ ಪುಟವನ್ನು ಬೆರಳಿನಿಂದ ಎಳೆಯಬಹುದಿತ್ತು, ಇನ್ನೊಂದರಲ್ಲಿ ಸಣ್ಣ ಗುಂಡಿಯನ್ನು ಒತ್ತೊತ್ತಿ ಬಾಣದ ಗುರುತನ್ನು ಪುಟದ ಮೂಲೆಗೆ ಸಾಗಿಸಬೇಕಿತ್ತು. ಪಟ್ಟಿಯಲ್ಲಿ ಎರಡರ ಮುಂದೆಯೂ ‘ಜಾಲವೀಕ್ಷಕ: ಇದೆ’ ಎಂದೇ ಬರೆದಿರುತ್ತಿತ್ತು.

ಬರವಣಿಗೆಯ ಮಟ್ಟಿಗೆ ಗಾಜಿನ ಮೇಲಿನ ಕೀಲಿಮಣೆಯನ್ನು ಕಂಡು ಹಲವರು ಮೂಗು ಮುರಿದರು. ದಿನಕ್ಕೆ ನಲವತ್ತು ಮಿಂಚಂಚೆ ಬರೆಯುವವರಿಗೆ ಬ್ಲ್ಯಾಕ್‌ಬೆರಿ ಕರ್ವ್ ಸರಿಸಾಟಿಯಿಲ್ಲದ್ದು. ಕೆನಡಾದ ಆ ಸಂಸ್ಥೆಯ ಗುಂಡಿಗಳನ್ನು ಕಣ್ಣುಮುಚ್ಚಿ ಒತ್ತಬಹುದಾಗಿತ್ತು. ಆಪಲ್ ಇದಕ್ಕೆ ಕಂಡುಕೊಂಡ ಪರಿಹಾರ ಕಣ್ಣಿಗೆ ಕಾಣುವಂಥದ್ದಲ್ಲ. ಮುಂದೆ ಯಾವ ಅಕ್ಷರ ಬರಬಹುದೆಂದು ತಂತ್ರಾಂಶ ಊಹಿಸಿ, ಆ ಕೀಲಿಯ ಸ್ಪರ್ಶಕ್ಷೇತ್ರವನ್ನು ಗುಟ್ಟಾಗಿ ದೊಡ್ಡದು ಮಾಡುತ್ತಿತ್ತು. ಬೆರಳು ಕೊಂಚ ತಪ್ಪಿದರೂ ಅಕ್ಷರ ತಪ್ಪುತ್ತಿರಲಿಲ್ಲ.

ಮೈಕಟ್ಟು: ಗಾಜು, ಲೋಹ, ಪ್ಲಾಸ್ಟಿಕ್

ನಮ್ಮ ದೃಷ್ಟಿಯಲ್ಲಿ ಈ ಸ್ಪರ್ಧೆಯ ಅತ್ಯಂತ ಸ್ವಾರಸ್ಯಕರ ಭಾಗ ಇದು. ಅಂದಿನ ವಿಮರ್ಶೆಗಳು ಒಂದೆರಡು ವಾಕ್ಯಗಳಲ್ಲಿ ಮುಗಿಸಿದ ಭಾಗವೂ ಇದೇ.

ಜನವರಿಯಲ್ಲಿ ವೇದಿಕೆಯ ಮೇಲೆ ತೋರಿಸಿದ ಐಫೋನಿನ ಮುಖ ಪ್ಲಾಸ್ಟಿಕ್ಕಿನದು. ಜೇಬಿನ ಬೀಗದಕೈಗಳೊಡನೆ ಉಜ್ಜಿ ಅದು ಗೀರುಬೀಳುವುದೆಂದು ತಿಳಿದಾಗ, ಮಾರಾಟಕ್ಕೆ ಕೆಲವೇ ತಿಂಗಳು ಉಳಿದಿದ್ದರೂ ಗಾಜಿಗೆ ಬದಲಾಯಿಸಲು ಸಂಸ್ಥೆ ನಿರ್ಧರಿಸಿತು. ಜೂನ್ 18ರಂದು, ಮಾರಾಟಕ್ಕೆ ಹನ್ನೊಂದು ದಿನ ಮುಂಚೆ, ಆ ಬದಲಾವಣೆಯನ್ನು ಸಾರಿತು. ಗಾಜನ್ನು ಪೂರೈಸಿದ್ದು ಅಮೆರಿಕದ ಕಾರ್ನಿಂಗ್. ತಯಾರಿಕೆ ಕೆಂಟಕಿ ರಾಜ್ಯದ ಹ್ಯಾರಡ್ಸ್‌ಬರ್ಗ್ ಕಾರ್ಖಾನೆಯಲ್ಲಿ. ಇದರ ಬೀಜ 1960ರ ದಶಕದಲ್ಲಿ ಅದೇ ಸಂಸ್ಥೆ ಮಾಡಿದ್ದ ಬಲವರ್ಧಿತ ಗಾಜಿನ ಪ್ರಯೋಗಗಳಲ್ಲಿತ್ತು. ಗಾಜಿನ ಹಾಳೆಯನ್ನು ಕರಗಿದ ಪೊಟ್ಯಾಸಿಯಂ ಲವಣದ ಕೊಳದಲ್ಲಿ ಅದ್ದಿಡುತ್ತಾರೆ. ಗಾಜಿನ ಮೇಲ್ಮೈಯ ಸೋಡಿಯಂ ಅಯಾನುಗಳು ಹೊರಬಿದ್ದು ಅವುಗಳ ಜಾಗಕ್ಕೆ ಗಾತ್ರದಲ್ಲಿ ದೊಡ್ಡವಾದ ಪೊಟ್ಯಾಸಿಯಂ ಅಯಾನುಗಳು ತುರುಕಿಕೊಳ್ಳುತ್ತವೆ. ಇಬ್ಬರ ಸೀಟಿನಲ್ಲಿ ಮೂವರು ಕುಳಿತಂತೆ ಮೇಲ್ಮೈ ಬಿಗಿಯುತ್ತದೆ. ಬಿರುಕು ಹುಟ್ಟಬೇಕಾದರೆ ಮೊದಲು ಈ ಬಿಗಿತವನ್ನು ಮೀರಬೇಕು. ಗೀರಿಗೆ ಇದು ಗಟ್ಟಿ. ಆದರೆ ಗಾಜು ಗಾಜೇ. ಕಲ್ಲುನೆಲಕ್ಕೆ ಮೂಲೆಯಾಗಿ ಬಿದ್ದರೆ ಜೇಡರಬಲೆ ಮೂಡುತ್ತಿತ್ತು. ಗೀರುವ ಪ್ಲಾಸ್ಟಿಕ್ಕೋ ಒಡೆಯುವ ಗಾಜೋ ಎಂಬ ಆಯ್ಕೆಯಲ್ಲಿ ಆಪಲ್ ಎರಡನೆಯದನ್ನು ಆರಿಸಿತು, ಇಡೀ ಉದ್ಯಮ ಅದನ್ನು ಅನುಸರಿಸಿತು. ಇಂದು ಬೀದಿಬೀದಿಯಲ್ಲಿ ಪರದೆ ಬದಲಿಸಿಕೊಡುವ ಅಂಗಡಿಗಳು ಬದುಕುತ್ತಿರುವುದು ಆ ಆಯ್ಕೆಯ ಫಲವಾಗಿಯೇ.

ಹಿಂಬದಿ ಅಲ್ಯೂಮಿನಿಯಂ. ಲೋಹ ರೇಡಿಯೋ ತರಂಗಗಳನ್ನು ತಡೆಯುತ್ತದೆ. ಆದುದರಿಂದ ಕೆಳತುದಿಯಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಪಟ್ಟಿಯೊಂದನ್ನು ಬಿಟ್ಟು ಅದರ ಹಿಂದೆ ಆಂಟೆನಾಗಳನ್ನು ಇರಿಸಿದ್ದರು. ಅಲಂಕಾರವೆಂದು ಹಲವರು ತಿಳಿದಿದ್ದ ಆ ಪಟ್ಟಿ ವಾಸ್ತವದಲ್ಲಿ ಕಿಟಕಿ. ಮುಂದಿನ ವರ್ಷದ ಐಫೋನ್ 3ಜಿಯಲ್ಲಿ ಹೆಚ್ಚಿನ ತರಂಗಗಳಿಗೆ ದಾರಿ ಬೇಕಾದಾಗ ಹಿಂಬದಿಯನ್ನೆಲ್ಲ ಪ್ಲಾಸ್ಟಿಕ್ಕಿಗೆ ಇಳಿಸಿದರು.

ಎನ್‌95ರ ಮೈ ಬಹುಪಾಲು ಪ್ಲಾಸ್ಟಿಕ್. ಅದರಲ್ಲಿ ತಪ್ಪೇನೂ ಇಲ್ಲ. ಪ್ಲಾಸ್ಟಿಕ್ ಹಗುರ, ತರಂಗಗಳಿಗೆ ಪಾರದರ್ಶಕ, ಬಿದ್ದರೆ ಒಡೆಯುವುದು ಕಡಿಮೆ. ದೂರು ಬೇರೆಯೇ. ಜಾರುವ ಭಾಗ ಹೊಸತಿರುವಾಗಲೇ ತುಸು ಅಲುಗಾಡುತ್ತಿತ್ತು. ಕೈಯಲ್ಲಿ ಹಿಡಿದರೆ ಕಿರ್ರೆನ್ನುತ್ತಿತ್ತು. ಜಾರುವ ಯಾವುದೇ ಫೋನಿನಲ್ಲಿ ಎರಡು ಅರ್ಧಗಳನ್ನು ಜೋಡಿಸುವ ತೆಳುವಾದ ಬಾಗುತಂತಿಯ ಪಟ್ಟಿ ಪ್ರತಿ ಸಲವೂ ಮಡಿಸಿ ಬಿಚ್ಚುತ್ತದೆ. ದುರಸ್ತಿಗೆ ಬರುವ ಮೊದಲ ಭಾಗ ಬಹುಶಃ ಅದೇ.

ಇನ್ನು ಕೈಗೆ ತಟ್ಟುವ ‘ಗಟ್ಟಿತನ’. ಇದು ಬರಿಯ ಭಾವನೆಯೇ, ಅಥವಾ ಅಳೆಯಬಹುದಾದದ್ದೇ? ಎನ್‌95 ಎಂದರೆ 99, 53, 21 ಮಿಲಿಮೀಟರುಗಳ ಪೆಟ್ಟಿಗೆ. ಗುಣಿಸಿದರೆ ಸುಮಾರು 110 ಘನ ಸೆಂಟಿಮೀಟರು. ತೂಕ 120 ಗ್ರಾಂ. ಐಫೋನ್ 115, 61, 11.6 ಮಿಲಿಮೀಟರು, ಸುಮಾರು 81 ಘನ ಸೆಂಟಿಮೀಟರು, ತೂಕ 135 ಗ್ರಾಂ. ಮೂಲೆಗಳ ದುಂಡುತನವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಎನ್‌95ರಲ್ಲಿ ಘನ ಸೆಂಟಿಮೀಟರಿಗೆ ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚು, ಐಫೋನಿನಲ್ಲಿ ಒಂದೂವರೆ ಗ್ರಾಮಿಗಿಂತಲೂ ಹೆಚ್ಚು. ಅಂಗಡಿಯಲ್ಲಿ ಎರಡನ್ನೂ ಎತ್ತಿ ನೋಡಿದವನ ಅಂಗೈ ಈ ಗಣಿತವನ್ನು ಕ್ಷಣದಲ್ಲಿ ಮಾಡಿಬಿಡುತ್ತಿತ್ತು. ಹಿತ್ತಾಳೆಯ ಚೊಂಬನ್ನೂ ಪ್ಲಾಸ್ಟಿಕ್ಕಿನ ಚೊಂಬನ್ನೂ ಎತ್ತಿದ ಕೈಗೆ ಇದನ್ನು ಬೇರೆ ಹೇಳಿಕೊಡಬೇಕಿಲ್ಲ. ಆದರೆ ಭಾರವಾದುದೆಲ್ಲ ಬಾಳಿಕೆಯದ್ದೆಂಬ ತೀರ್ಮಾನಕ್ಕೆ ನಾವು ಬರುವುದಿಲ್ಲ.

ಏಕೆಂದರೆ ಬಾಳಿಕೆಯ ನಿಜವಾದ ಪರೀಕ್ಷೆ ಬ್ಯಾಟರಿಯಲ್ಲಿದೆ. ಎನ್‌95ರ ಬ್ಯಾಟರಿ 950 ಮಿಲಿಆಂಪ್ ಗಂಟೆಗಳದ್ದು, ಅಷ್ಟೆಲ್ಲ ಸೌಲಭ್ಯಗಳಿಗೆ ತೀರ ಸಾಲದು; ಜಿಪಿಎಸ್ಸನ್ನೂ ಕ್ಯಾಮೆರಾವನ್ನೂ ಬಳಸಿದ ದಿನ ಸಂಜೆಯೊಳಗೆ ಬರಿದು. ಆದರೆ ಹಿಂಬದಿಯ ಮುಚ್ಚಳವನ್ನು ಉಗುರಿನಿಂದ ತೆಗೆದು ಇನ್ನೊಂದು ಬ್ಯಾಟರಿಯನ್ನು ಹಾಕಲು ಅರ್ಧ ನಿಮಿಷ ಸಾಕು. ಐಫೋನಿನ ಬ್ಯಾಟರಿ ದೊಡ್ಡದು. ಎಂಟು ಗಂಟೆಯ ಮಾತುಕತೆ ಎಂದು ಸಂಸ್ಥೆ ಹೇಳಿಕೊಂಡಿತು. ಆದರೆ ಮುಚ್ಚಳವೇ ಇಲ್ಲ. ಒಳಗೆ ಬ್ಯಾಟರಿಯನ್ನು ಬೆಸುಗೆ ಹಾಕಿದ್ದರು. ಅದು ಸತ್ತಾಗ ಫೋನನ್ನೇ ಸಂಸ್ಥೆಗೆ ಕಳಿಸಿ, ಅಂಚೆವೆಚ್ಚದ ಹೊರತು 79 ಡಾಲರ್ ತೆರಬೇಕು. ತೆಳುವಾದ, ಬಿಗಿಯಾದ, ಬಿರುಕಿಲ್ಲದ ಮೈಯ ಬೆಲೆ ಇದು. ಆ ಬೆಲೆಯನ್ನು ಆಮೇಲೆ ಎಲ್ಲ ಸಂಸ್ಥೆಗಳ ಗಿರಾಕಿಗಳೂ ತೆರುತ್ತ ಬಂದರು. ಬಳಸುವವರೇ ಬದಲಿಸಿಕೊಳ್ಳಬಹುದಾದ ಬ್ಯಾಟರಿ ಉಪಕರಣಗಳಲ್ಲಿ ಇರಬೇಕೆಂದು, ಕೆಲವು ವಿನಾಯಿತಿಗಳೊಡನೆ, ಐರೋಪ್ಯ ಒಕ್ಕೂಟ 2023ರಲ್ಲಿ ನಿಯಮ ಮಾಡಿ, ಅದರ ಜಾರಿಗೆ 2027ರ ಫೆಬ್ರವರಿಯನ್ನು ಗೊತ್ತುಪಡಿಸಿತು. ಇಪ್ಪತ್ತು ವರ್ಷ ಹಿಂದಿನ ಎನ್‌95ರಲ್ಲಿ ಅದು ಯಾರೂ ಕೇಳದೆಯೇ ಇತ್ತು!

ಐಫೋನಿನ ಮೈಯಲ್ಲಿ ಅಕ್ಷಮ್ಯವೆನಿಸಿದ್ದು ಇನ್ನೊಂದು: ಕಿವಿಯ ತಂತಿಯ ರಂಧ್ರವನ್ನು ಎಷ್ಟು ಆಳಕ್ಕೆ ತೋಡಿದ್ದರೆಂದರೆ ಪೇಟೆಯಲ್ಲಿ ಸಿಗುವ ದಪ್ಪ ತಲೆಯ ಹೆಡ್‌ಫೋನುಗಳು ಅದರೊಳಗೆ ಇಳಿಯುತ್ತಲೇ ಇರಲಿಲ್ಲ. ಅಂದಕ್ಕಾಗಿ ಉಪಯೋಗವನ್ನು ಬಲಿಕೊಟ್ಟ ಈ ಹಟವನ್ನು ಮರುವರ್ಷವೇ ಕೈಬಿಟ್ಟರು. ಇದಕ್ಕೆ ಪ್ರತಿಯಾಗಿ, ಸದ್ದಡಗಿಸಲು ಪಕ್ಕದಲ್ಲಿಟ್ಟ ಪುಟ್ಟ ಸ್ವಿಚ್ಚು ಶ್ಲಾಘ್ಯ. ಸಂಗೀತ ಕಚೇರಿಯ ನಡುವೆ ಜೇಬಿನೊಳಗೇ ಬೆರಳಾಡಿಸಿ ಫೋನನ್ನು ಮೌನಗೊಳಿಸಬಹುದಿತ್ತು.

ಹಣದ ಲೆಕ್ಕ

ಅಮೆರಿಕದಲ್ಲಿ ಐಫೋನಿನ ಬೆಲೆ 4 ಜಿಬಿಗೆ 499, 8 ಜಿಬಿಗೆ 599 ಡಾಲರ್. ಜೊತೆಗೆ ಎಟಿ ಅಂಡ್ ಟಿಯೊಡನೆ ಎರಡು ವರ್ಷದ ಒಪ್ಪಂದ ಕಡ್ಡಾಯ. ಅದರ ಕನಿಷ್ಠ ಮಾಸಿಕ ಶುಲ್ಕ ಸುಮಾರು 60 ಡಾಲರ್. ಕೂಡಿಸಿದರೆ ದೊಡ್ಡ ಮಾದರಿಗೆ ಎರಡು ವರ್ಷದಲ್ಲಿ 2000 ಡಾಲರಿಗೂ ಮಿಕ್ಕಿದ ಖರ್ಚು. ಎನ್‌95 ಅಲ್ಲಿ ಯಾವ ಒಪ್ಪಂದವೂ ಇಲ್ಲದೆ ಸುಮಾರು 750 ಡಾಲರ್. ಯಾವುದು ಅಗ್ಗ, ಯಾವುದು ದುಬಾರಿ ಎಂಬುದು ಲೆಕ್ಕವನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬುದರ ಮೇಲೆ ನಿಂತಿತ್ತು. ಸೆಪ್ಟೆಂಬರಿನಲ್ಲಿ ಆಪಲ್ 4 ಜಿಬಿ ಮಾದರಿಯನ್ನು ಕೈಬಿಟ್ಟು, 8 ಜಿಬಿಯ ಬೆಲೆಯನ್ನು ಒಮ್ಮೆಲೇ 399ಕ್ಕೆ ಇಳಿಸಿತು. ಮೊದಲ ದಿನ ಸಾಲಿನಲ್ಲಿ ನಿಂತು ಕೊಂಡವರು ಸಿಡಿದೆದ್ದಾಗ, ಅವರಿಗೆ 100 ಡಾಲರಿನ ಖರೀದಿ ರಿಯಾಯಿತಿಯನ್ನು ಕೊಟ್ಟು ಸಮಾಧಾನ ಮಾಡಿತು.

ಮೊದಲ ಐಫೋನ್ ಭಾರತದಲ್ಲಿ ಅಧಿಕೃತವಾಗಿ ಮಾರಾಟವಾಗಲೇ ಇಲ್ಲ. ಆದರೂ ಬಂದಿತು. ಅಮೆರಿಕದಲ್ಲಿ ನೆಲೆಸಿದ ಮಕ್ಕಳ, ಅಳಿಯಂದಿರ ಕೈಚೀಲದಲ್ಲಿ ಬಂದಿತು. ದೆಹಲಿಯ ಗಫಾರ್ ಮಾರ್ಕೆಟ್, ಮುಂಬಯಿಯ ಹೀರಾ ಪನ್ನಾದಂಥ ಪೇಟೆಗಳಿಗೂ ಬಂದಿತು. ಹಾಗೆ ಬಂದದ್ದು ಎಟಿ ಅಂಡ್ ಟಿಗೆ ಬೀಗ ಹಾಕಿದ ಫೋನು. ಇಲ್ಲಿಯ ಸಿಮ್ ಹಾಕಬೇಕಾದರೆ ಬೀಗ ಮುರಿಯಬೇಕು. ನ್ಯೂಜೆರ್ಸಿಯ ಹದಿನೇಳರ ಹುಡುಗ ಜಾರ್ಜ್ ಹಾಟ್ಜ್ 2007ರ ಆಗಸ್ಟಿನಲ್ಲಿ ಅದನ್ನು ಸಾಧಿಸಿ ತೋರಿಸಿದ ಮೇಲೆ ಬೀಗ ಮುರಿಯುವುದೊಂದು ಕಸುಬೇ ಆಯಿತು. ಸೆಪ್ಟೆಂಬರಿನ ತಂತ್ರಾಂಶ ನವೀಕರಣವನ್ನು ಒಪ್ಪಿಕೊಂಡ ಬೀಗಮುರಿದ ಫೋನುಗಳು ಎಷ್ಟೋ ಕಡೆ ಇಟ್ಟಿಗೆಯಂತೆ ನಿಶ್ಚೇಷ್ಟಿತವಾದವು. ಅವುಗಳಿಗೆ ಇಲ್ಲಿ ಖಾತರಿಯೂ ಇಲ್ಲ, ಕೇಳುವವರೂ ಇಲ್ಲ. ಉಡುಗೊರೆಯಾಗಿ ಬಂದ ಅಂಥ ಫೋನು ದೇವರಮನೆಯ ಪಕ್ಕದ ಷೋಕೇಸಿನಲ್ಲಿ ಉಳಿದುಕೊಂಡ ಮನೆಗಳು ಇದ್ದಿರಲೂಬೇಕು.

2008ರ ಆಗಸ್ಟ್ 22ರಂದು ಏರ್‌ಟೆಲ್ ಮತ್ತು ವೊಡಾಫೋನ್ ಮೂಲಕ ಐಫೋನ್ 3ಜಿ ಭಾರತಕ್ಕೆ ಕಾಲಿಟ್ಟಾಗ 8 ಜಿಬಿಯ ಬೆಲೆ 31,000 ರೂಪಾಯಿ, 16 ಜಿಬಿಗೆ 36,100. ಅದೇ 8 ಜಿಬಿ ಅಮೆರಿಕದಲ್ಲಿ ಒಪ್ಪಂದದೊಡನೆ 199 ಡಾಲರ್, ಅಂದರೆ ಒಂಬತ್ತು ಸಾವಿರ ರೂಪಾಯಿಗೂ ಕಡಿಮೆ ಎಂಬುದನ್ನು ಪತ್ರಿಕೆಗಳಲ್ಲಿ ಓದಿದ್ದ ಗಿರಾಕಿಗಳು ಹಿಂದೆಗೆದರು. ಒಪ್ಪಂದದ ಎರಡು ವರ್ಷದ ಬಾಕಿಯನ್ನು ಆ ಹೋಲಿಕೆ ಮರೆತಿತ್ತೆಂಬುದು ನಿಜ. ಆದರೆ ಒಮ್ಮೆಗೇ ಕೈಬಿಟ್ಟುಹೋಗುವ ಮೂವತ್ತೊಂದು ಸಾವಿರ ಮಧ್ಯಮವರ್ಗದ ಮನೆಗೆ ಅಂದು ಸಣ್ಣ ಮೊತ್ತವಲ್ಲ.

ಆದುದರಿಂದ 2007ರಲ್ಲಿ ಭಾರತದ ನಗರವೊಂದರ ಕುಟುಂಬ ಇವೆರಡರಲ್ಲಿ ಒಂದನ್ನು ಆರಿಸಬೇಕಾಗಿದ್ದರೆ, ಎನ್‌95ನ್ನು ಕೊಂಡವರೇ ಜಾಣರೆಂದು ನಾವು ಹೇಳುತ್ತೇವೆ. 3ಜಿ ಉಪಯೋಗಕ್ಕೆ ಬಾರದಿದ್ದರೂ ಕ್ಯಾಮೆರಾ ಬಂದಿತು, ಬ್ಯಾಟರಿ ಸಿಗುತ್ತಿತ್ತು, ರಿಪೇರಿಯವನು ಸಿಗುತ್ತಿದ್ದನು. ಚೆನ್ನೈ ಸಮೀಪದ ಶ್ರೀಪೆರಂಬದೂರಿನಲ್ಲಿ 2006ರಿಂದ ನೋಕಿಯಾದ ಕಾರ್ಖಾನೆಯೇ ಇತ್ತು; ಆ ಹೆಸರಿನ ಮೇಲಿನ ನಂಬಿಕೆಗೆ ದೇಶದಲ್ಲಿ ಬೇರಿತ್ತು. ಐಫೋನ್ ಆಗ ಇನ್ನೂ ಅರ್ಧ ಕಟ್ಟಿದ ಮನೆ. ಗೋಡೆ ಗಟ್ಟಿ, ನಕ್ಷೆ ಅದ್ಭುತ. ಅಡಿಗೆಮನೆಗೆ ನೀರು ಬಂದಿರಲಿಲ್ಲ.

ಆ ನಕ್ಷೆಯ ಮೇಲೆ ಮನೆ ಏಳುತ್ತ ಹೋಯಿತು. 2008ರಲ್ಲಿ ಆಪ್ ಸ್ಟೋರ್ ಸುಮಾರು 500 ತಂತ್ರಾಂಶಗಳೊಡನೆ ತೆರೆಯಿತು. 3ಜಿ, ಜಿಪಿಎಸ್ ಆ ವರ್ಷದ ಮಾದರಿಯಲ್ಲಿ, ವಿಡಿಯೋ 2009ರ ಮಾದರಿಯಲ್ಲಿ ಸೇರಿದವು. ಮೊದಲ ಐಫೋನನ್ನು ಕೊಂಡವರಿಗೂ ತಂತ್ರಾಂಶದ ನವೀಕರಣಗಳು ಉಚಿತವಾಗಿ 2010ರ ಆರಂಭದವರೆಗೆ ಬಂದವು, ಚಿತ್ರಸಂದೇಶ ಮಾತ್ರ ಅದಕ್ಕೆ ಕೊನೆಗೂ ಒಲಿಯಲಿಲ್ಲ. ನೋಕಿಯಾ ಮುಂದೆಯೂ ಪಟ್ಟಿಯ ಸಾಲುಗಳನ್ನು ಗೆಲ್ಲುತ್ತಲೇ ಇತ್ತು. 2012ರಲ್ಲಿ 41 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಹೊತ್ತ 808 ಪ್ಯೂರ್‌ವ್ಯೂ ಬಂದಿತು, ಸಿಂಬಿಯನ್ನಿನ ಕಟ್ಟಕಡೆಯ ಫೋನು ಅದೇ ಆಯಿತು. 2014ರ ಏಪ್ರಿಲಿನಲ್ಲಿ ನೋಕಿಯಾದ ಫೋನು ವಿಭಾಗ ಮೈಕ್ರೋಸಾಫ್ಟಿನ ಪಾಲಾಯಿತು. ಶ್ರೀಪೆರಂಬದೂರಿನ ಕಾರ್ಖಾನೆ ಅದೇ ವರ್ಷದ ನವೆಂಬರಿನಲ್ಲಿ ಬಾಗಿಲು ಹಾಕಿತು.

ಕೊನೆಯದಾಗಿ, ಅಂದಿನ ಯಾವ ಪಟ್ಟಿಯಲ್ಲೂ ಕಾಣಿಸದೆ ಉಳಿದ ಸಾಲೊಂದಿದೆ. ನಮ್ಮ ಓದುಗರಿಗೆ ಅದು ಮುಖ್ಯವಾದದ್ದು. ಊರಿನಲ್ಲಿರುವ ತಾಯಿಗೆ ನಾಲ್ಕು ಸಾಲನ್ನು ಕನ್ನಡದಲ್ಲೇ ಬರೆದು ಕಳಿಸಬಹುದೇ? ಆಂಡ್ರಾಯ್ಡ್ ವ್ಯವಸ್ಥೆಗೆ ಕನ್ನಡ ಅಕ್ಷರಗಳ ಬೆಂಬಲ ಸೇರಿದ್ದು 2012ರ 4.1 ಆವೃತ್ತಿಯಲ್ಲಿ. ಐಫೋನ್ ಇನ್ನೂ ಐದು ವರ್ಷ ಕಾಯಿಸಿತು. 2017ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ವಿಸ್ಟ್ರಾನ್ ಸಂಸ್ಥೆ ಐಫೋನ್ ಎಸ್‌ಇಯನ್ನು ಜೋಡಿಸತೊಡಗಿತು. ಆಪಲ್ಲಿನದೇ ಕನ್ನಡ ಕೀಲಿಮಣೆ ಆ ವರ್ಷದ ಸೆಪ್ಟೆಂಬರಿನಲ್ಲಿ ಐಓಎಸ್ 11ರೊಡನೆ ಬಂದಿತು. ಕನ್ನಡ ನಾಡಿನಲ್ಲಿ ಜೋಡಣೆಗೊಂಡ ಮೊದಲ ಐಫೋನುಗಳು ಪೆಟ್ಟಿಗೆ ಸೇರಿದಾಗ ಅವುಗಳಲ್ಲಿ ಆ ಕೀಲಿಮಣೆ ಇನ್ನೂ ಇರಲಿಲ್ಲ.